ಹೊಸ ಗ್ರಾಫಿಕ್ಸ್ ಕಾರ್ಡ್ ತೆವಳುತ್ತಿತ್ತು, ಗುಟ್ಟು ಸ್ಲಾಟ್‌ನಲ್ಲಿತ್ತು

ನನ್ನ ಕಂಪ್ಯೂಟರಿನ ಬಿ450 ಮದರ್‌ಬೋರ್ಡಿಗೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಗೇಮ್ ನಡುನಡುವೆ ತಡವರಿಸುತ್ತಿತ್ತು. ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ ಅರ್ಧದ ಆಚೆಈಚೆಯೇ ಓಡಾಡುತ್ತಿತ್ತು.

ಸೇಫ್ ಮೋಡ್‌ನಲ್ಲಿ ಡ್ರೈವರ್ ಪೂರ್ತಿ ಅಳಿಸಿ ಮತ್ತೆ ಹಾಕಿದೆ. ರ್‍ಯಾಮ್ ಪೂರ್ತಿ ವೇಗದಲ್ಲಿ ಓಡಲೆಂದು ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿದೆ, ಪವರ್ ಕೇಬಲ್ ಬದಲಿಸಿದೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ.

ಗುಟ್ಟು ಸಿಕ್ಕಿದ್ದು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶದಲ್ಲಿ. ಅದರಲ್ಲಿ 'ಬಸ್ ಇಂಟರ್‌ಫೇಸ್' ಸಾಲು ನೋಡಿ. ಕಾರ್ಡ್ ಕೂರುವ ಪಿಸಿಐಇ ಸ್ಲಾಟ್‌ನ ಸಂಪರ್ಕ ಅಲ್ಲಿರುತ್ತದೆ: 'ಎಕ್ಸ್' ಜೊತೆಗಿನ ಅಂಕಿ ಡೇಟಾ ಹರಿಯುವ ದಾರಿಗಳ ಸಂಖ್ಯೆ, ಇನ್ನೊಂದು ಪಿಸಿಐಇ ಆವೃತ್ತಿ. ಸುಮ್ಮನೆ ಕೂತ ಕಾರ್ಡ್ ವಿದ್ಯುತ್ ಉಳಿಸಲು ಆವೃತ್ತಿ 1.1 ತೋರಿಸಬಹುದು, ಅದನ್ನು ನಂಬಬೇಡಿ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ, ಆಮೇಲೆ ಓದಿ. ನನಗೆ ಬಂದದ್ದು ಎಕ್ಸ್4 2.0, ಅಂದರೆ ಸೆಕೆಂಡಿಗೆ ಸುಮಾರು 2 ಜಿಬಿ. ಈ ಕಾರ್ಡಿಗೆ ಬೇಕಾದದ್ದು ಎಕ್ಸ್8 4.0, ಸುಮಾರು 16 ಜಿಬಿ.

ಹಾರ್ಡ್ ಡಿಸ್ಕ್ ಪೆಟ್ಟಿಗೆ ಅಡ್ಡ ಬರುತ್ತದೆಂದು ಕಾರ್ಡನ್ನು ಕೆಳಗಿನ ಸ್ಲಾಟಿಗೆ ಹಾಕಿದ್ದೆ. ಎರಡೂ ಸ್ಲಾಟ್ ಒಂದೇ ಉದ್ದ. ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನದರಲ್ಲಿ ಹಿತ್ತಾಳೆ ಬಣ್ಣದ ಪಿನ್‌ಗಳು ಅರ್ಧಕ್ಕೂ ಮೊದಲೇ ಮುಗಿದಿದ್ದವು! ಅದು ನೇರ ಪ್ರೊಸೆಸರ್‌ಗಲ್ಲ, ಬೋರ್ಡಿನ ಸಹಾಯಕ ಚಿಪ್ ಆದ ಚಿಪ್‌ಸೆಟ್‌ಗೆ ಜೋಡಿಸಿದ ಸ್ಲಾಟ್.

ಮೊದಲು ಪವರ್ ತೆಗೆದು ಡಿಸ್ಕ್ ಪೆಟ್ಟಿಗೆ ಬಿಚ್ಚಿದೆ. ಕಾರ್ಡನ್ನು ಪ್ರೊಸೆಸರ್‌ಗೆ ಹತ್ತಿರದ ಸ್ಲಾಟಿಗೆ 'ಟಕ್' ಎನ್ನುವವರೆಗೆ ಒತ್ತಿದೆ. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಪಿಸಿಐಇ ವೇಗ 'ಆಟೊ' ಇಟ್ಟೆ. ಮತ್ತೆ ಅದೇ ಟೆಸ್ಟ್: ಎಕ್ಸ್8 3.0. ಬಿ450 ಕೊಡುವುದು 3.0ವರೆಗೇ. ತಡವರಿಕೆ ನಿಂತಿತು.

4.0 ಬೇಕೆಂದು ಬಿ550 ಬೋರ್ಡ್ ಕೊಳ್ಳುವವರು ಪ್ರೊಸೆಸರನ್ನೂ ನೋಡಿಕೊಳ್ಳಿ. ರೈಜನ್ 5600 ಆದರೆ 4.0 ಸಿಗುತ್ತದೆ, 5600ಜಿ ಆದರೆ ಅದೇ ಸ್ಲಾಟ್ 3.0ಕ್ಕೇ ನಿಲ್ಲುತ್ತದೆ.