ಹೆದರಿದ ಕೋಳಿ, ಹುಡಿ ಹಿಡಿದ ಮೊಟ್ಟೆ

ಕಾಸರಗೋಡಿನ ಪೆರ್ಲದ ಸಮೀಪ, ಅಡಕೆ ತೋಟದ ಬದಿಯಲ್ಲಿ ನಾನು ಬಿವಿ 380 ತಳಿಯ 40 ಕೋಳಿಗಳನ್ನು ಸಾಕುತ್ತಿದ್ದೇನೆ. ದಿನಕ್ಕೆ 34, 35 ಮೊಟ್ಟೆಗಳು ಸಿಗುತ್ತಿದ್ದ ಕಾಲದಲ್ಲಿ ಒಂದು ಫೆಬ್ರವರಿಯ ದಿನ, ಬೆಳಗ್ಗೆ ಹತ್ತರೊಳಗೆ ಮುಗಿಯಬೇಕಾಗಿದ್ದ ಮೊಟ್ಟೆಗಳು ಸಂಜೆಯವರೆಗೂ ಒಂದೊಂದಾಗಿ ಬಂದವು. ಅವುಗಳಲ್ಲಿ ಏಳೆಂಟರ ಕಂದು ಚಿಪ್ಪಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಹುಡಿ ಕಂಡಿತು. ಉಗುರಿನಿಂದ ಕೆರೆದರೆ ಅಡಿಯ ಕಂದು ಬಣ್ಣ ಕಾಣುತ್ತಿತ್ತು.

ಸುಣ್ಣದ ಅಂಶದಲ್ಲಿ ಏರುಪೇರಾಗಿದೆಯೆಂದು ಭಾವಿಸಿ ನಾನು ಮರುವಾಯಿ ಚಿಪ್ಪಿನ ಪುಡಿಯನ್ನು ಹೆಚ್ಚಿಸಿದೆ. ಅದು ತಪ್ಪಾಗಿತ್ತು. ವಾರದೊಳಗೆ ಮೊಟ್ಟೆ 19ಕ್ಕೆ ಇಳಿಯಿತು. ನಮ್ಮ ಪಶುವೈದ್ಯರು ಮೊಟ್ಟೆಗಳನ್ನು ನೋಡಿ, "ಆಹಾರ ಇರಲಿ, ರಾತ್ರಿ ಗೂಡಿನ ಸುತ್ತ ಏನು ಸುಳಿಯುತ್ತದೆ ನೋಡಿ" ಎಂದರು. ನೋಡಿದಾಗ ಗೂಡಿನ ಹಿಂಬದಿಯಲ್ಲಿ, ಮುರಕಲ್ಲಿನ ಪಾಯದ ಪಕ್ಕ, ಕಾಡುಬೆಕ್ಕು ಮಣ್ಣು ಕೆರೆದ ಗುರುತುಗಳಿದ್ದವು.

ಅವರು ವಿವರಿಸಿದ ಬಳಿಕ ನನಗೆ ಎಲ್ಲವೂ ಅರ್ಥವಾಯಿತು. ಕೋಳಿ ಬೆಚ್ಚಿದ ಕ್ಷಣ ಅಡ್ರಿನಲಿನ್ ಏರಿ, ಇಡಲು ಸಿದ್ಧವಾಗಿದ್ದ ಮೊಟ್ಟೆ ಒಳಗೇ ಉಳಿಯುತ್ತದೆ. ಹೀಗೆ ತಡವಾದ ಮೊಟ್ಟೆಯ ಮೇಲೆ ಹೆಚ್ಚುವರಿ ಸುಣ್ಣ ಕೂರುತ್ತದೆ. ಭಯ ದಿನವೂ ಮುಂದುವರಿದರೆ ಮೆದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳ ಪ್ರಚೋದನೆಯಿಂದ ಅಡ್ರಿನಲ್ ಗ್ರಂಥಿಯು ಕಾರ್ಟಿಕೋಸ್ಟೆರಾನ್ ಎಂಬ ಒತ್ತಡದ ಹಾರ್ಮೋನನ್ನು ಸ್ರವಿಸುತ್ತದೆ. ಮನುಷ್ಯರಲ್ಲಿ ಕಾರ್ಟಿಸಾಲ್ ಮಾಡುವ ಕೆಲಸವನ್ನು ಹಕ್ಕಿಗಳಲ್ಲಿ ಮುಖ್ಯವಾಗಿ ಇದೇ ಮಾಡುತ್ತದೆ. ಇದು ಹೆಚ್ಚಿದಾಗ ಅಂಡಾಶಯದಿಂದ ಮೊಟ್ಟೆಯ ಹಳದಿಯನ್ನು ಬಿಡಿಸುವ ಎಲ್‌ಎಚ್ ಹಾರ್ಮೋನು ಕುಗ್ಗುತ್ತದೆ, ಬೆಳೆಯುತ್ತಿದ್ದ ಹಳದಿಗಳಲ್ಲಿ ಕೆಲವು ಒಳಗೇ ಕರಗಿಹೋಗುತ್ತವೆ. ಹೆದರಿದ ಕೋಳಿ ಮೊಟ್ಟೆ ನುಂಗಿಕೊಳ್ಳುತ್ತದೆ ಎಂದು ಅಮ್ಮ ಹೇಳುತ್ತಿದ್ದುದನ್ನು ನಾನು ನಂಬಿರಲಿಲ್ಲ. ಆ ಮಾತು ಅಷ್ಟೇನೂ ಸುಳ್ಳಲ್ಲ.

ಪಾಯದ ಸುತ್ತ ಒಂದು ಅಡಿ ಆಳಕ್ಕೆ ಕಬ್ಬಿಣದ ಬಲೆ ಹೂತು, ಹಿಂಬದಿಗೆ ಸೋಗೆಯ ತಟ್ಟಿ ಕಟ್ಟಿದೆ. ಕೋಳಿಗಳಿಗೆ ಮತ್ತೊಂದು ಆಘಾತವಾಗಬಾರದೆಂದು ಆ ದಿನಗಳಲ್ಲಿ ಆಹಾರವನ್ನಾಗಲೀ ಗೂಡನ್ನಾಗಲೀ ಬದಲಿಸಲಿಲ್ಲ, ಹೊಸ ಕೋಳಿಗಳನ್ನೂ ಸೇರಿಸಲಿಲ್ಲ. ಬಿಳಿ ಹುಡಿ ಎರಡೇ ದಿನದಲ್ಲಿ ಮಾಯವಾಯಿತಾದರೂ ಸಂಖ್ಯೆ 30ರ ಮೇಲೇರಲು ಎರಡು ವಾರ ಹಿಡಿಯಿತು. ಹಳದಿಯೊಂದು ವೇಗವಾಗಿ ಬೆಳೆದು ಪೂರ್ಣಗೊಳ್ಳಲು ಸುಮಾರು ಹತ್ತು ದಿನ ಬೇಕಾಗುವುದರಿಂದ ಅವಸರಪಟ್ಟು ಪ್ರಯೋಜನವಿರಲಿಲ್ಲ.

ಏಪ್ರಿಲಿನಲ್ಲಿ ಚಿಪ್ಪು ತೆಳ್ಳಗಾದದ್ದು ಬೇರೆ ಕಾರಣದಿಂದ. ಸೆಕೆಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಆಗ ಆಹಾರವನ್ನು ಬೆಳಗ್ಗೆ ಏಳರೊಳಗೆ ಮತ್ತು ಸಂಜೆ ಐದರ ನಂತರ ಕೊಟ್ಟು, ಮಣ್ಣಿನ ಪಾತ್ರೆಯ ನೀರನ್ನು ಮಧ್ಯಾಹ್ನ ಎರಡು ಬಾರಿ ಬದಲಿಸಿದೆ. ಚಿಪ್ಪಿನ ಪುಡಿಯನ್ನು ಈಗ ಸಂಜೆಗೆ ಮಾತ್ರ ಇಡುತ್ತೇನೆ, ಏಕೆಂದರೆ ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿಯಲ್ಲಿ.