ಹಳೆಯ ಸೈಟು ಮಾರುವ ಮುನ್ನ: ಶೇ 12.5ರ ಲೆಕ್ಕವೋ, ಶೇ 20ರ ಲೆಕ್ಕವೋ?

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಸೈಟು, ಮನೆ ಮಾರಿದರೆ ಬರುವ ಲಾಭಕ್ಕೆ ಮೊದಲು ಶೇ 20 ತೆರಿಗೆ ಇತ್ತು. ಆದರೆ ಕೊಂಡ ಬೆಲೆಯನ್ನು ಹಣದುಬ್ಬರ ಸೂಚ್ಯಂಕದ ಪ್ರಕಾರ ಏರಿಸಿಕೊಂಡು ಲಾಭ ಲೆಕ್ಕ ಹಾಕಬಹುದಿತ್ತು. 2024ರ ಜುಲೈ 23ರಿಂದ ದರ ಶೇ 12.5ಕ್ಕೆ ಇಳಿಯಿತು, ಏರಿಸಿಕೊಳ್ಳುವ ಅವಕಾಶ ಹೋಯಿತು. ಆ ದಿನಕ್ಕಿಂತ ಮೊದಲೇ ಕೊಂಡಿದ್ದವರಿಗೆ ಮಾತ್ರ ಒಂದು ರಿಯಾಯಿತಿ ಉಳಿದಿದೆ: ಎರಡೂ ಲೆಕ್ಕದಲ್ಲಿ ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು. ಇದು ಭಾರತದ ನಿವಾಸಿ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಸೀಮಿತ. ಕಂಪನಿ, ಪಾಲುದಾರಿಕೆ ಸಂಸ್ಥೆ, ಅನಿವಾಸಿಗಳಿಗೆ ಇಲ್ಲ.

ಮೊದಲು ಕೊಂಡ ಬೆಲೆ ನಿಗದಿಮಾಡಿಕೊಳ್ಳಿ. ಕ್ರಯಪತ್ರದ ಮೊತ್ತಕ್ಕೆ ಆಗ ಕಟ್ಟಿದ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿಸಿ. ಅಪ್ಪನಿಂದ ಬಂದ ಆಸ್ತಿಯಾದರೆ ಅಪ್ಪ ಕೊಟ್ಟ ಬೆಲೆಯೇ ನಿಮ್ಮ ಬೆಲೆ, ಅವರ ಕೈಲಿದ್ದ ಕಾಲವೂ ಲೆಕ್ಕಕ್ಕೆ ಬರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು, ಆದರೆ ಅದು ಆಗಿನ ಮಾರ್ಗಸೂಚಿ ದರವನ್ನು (ನೋಂದಣಿಗೆಂದು ಸರ್ಕಾರ ನಿಗದಿಮಾಡಿದ ದರ) ಮೀರುವಂತಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಮೌಲ್ಯಮಾಪಕರ ವರದಿಯೊಂದನ್ನೇ ನಂಬಬೇಡಿ, 2001ರ ಮಾರ್ಗಸೂಚಿ ದರಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲೆ ಕೇಳಿ.

ಈಗ ಲೆಕ್ಕ. 2010-11ರಲ್ಲಿ 10 ಲಕ್ಷಕ್ಕೆ ಕೊಂಡ ಸೈಟನ್ನು 2025-26ರಲ್ಲಿ 40 ಲಕ್ಷಕ್ಕೆ ಮಾರಿದ್ದೀರಿ ಎನ್ನಿ. ಸೂಚ್ಯಂಕ ಕೊಂಡ ವರ್ಷ 167, ಮಾರಿದ ವರ್ಷ 376. 10 ಲಕ್ಷವನ್ನು 376ರಿಂದ ಗುಣಿಸಿ 167ರಿಂದ ಭಾಗಿಸಿದರೆ 22.51 ಲಕ್ಷ. ಲಾಭ 17.49 ಲಕ್ಷ, ಅದಕ್ಕೆ ಶೇ 20 ಅಂದರೆ ಸುಮಾರು 3.50 ಲಕ್ಷ. ಹೊಸ ಲೆಕ್ಕದಲ್ಲಿ ಲಾಭ 30 ಲಕ್ಷ, ತೆರಿಗೆ 3.75 ಲಕ್ಷ. ಹಳೆಯದೇ ಮೇಲು. ಅದೇ ಸೈಟು 60 ಲಕ್ಷಕ್ಕೆ ಹೋದರೆ ಹಳೆಯದರಲ್ಲಿ ಸುಮಾರು 7.50 ಲಕ್ಷ, ಹೊಸದರಲ್ಲಿ 6.25 ಲಕ್ಷ. ಈ ಸೈಟಿನ ಮಟ್ಟಿಗೆ ಎರಡೂ ಸಮವಾಗುವುದು ಸುಮಾರು 43.4 ಲಕ್ಷದಲ್ಲಿ. ಬೆಲೆ ಚೆನ್ನಾಗಿ ಏರಿದ ಕಡೆ ಹೊಸ ದರ, ನಿಧಾನಕ್ಕೆ ಏರಿದ ಕಡೆ ಹಳೆಯ ದರ ಲಾಭ. ತೆರಿಗೆಯ ಮೇಲೆ ಶೇ 4 ಸೆಸ್ ಬೇರೆ ಇದೆ. ಹಳೆಯ ಲೆಕ್ಕದಲ್ಲಿ ನಷ್ಟ ಬಂದರೆ ತೆರಿಗೆ ಸೊನ್ನೆ, ಅಷ್ಟೇ. ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲು ಬರುವುದಿಲ್ಲ.

ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸುವುದರಿಂದ ಏನೂ ಉಳಿಯದು. ಮಾರ್ಗಸೂಚಿ ಮೌಲ್ಯ ಬರೆದ ಬೆಲೆಗಿಂತ ಶೇ 10ಕ್ಕೂ ಹೆಚ್ಚಿದ್ದರೆ, ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 50ಸಿ ಪ್ರಕಾರ ಮಾರ್ಗಸೂಚಿ ಮೌಲ್ಯವೇ ಮಾರಾಟ ಬೆಲೆ. ಕರಾರಿಗೂ ನೋಂದಣಿಗೂ ನಡುವೆ ದರ ಏರಬಹುದು. ಮುಂಗಡವನ್ನು ಕರಾರಿನ ದಿನ ಅಥವಾ ಅದಕ್ಕೂ ಮೊದಲೇ ಬ್ಯಾಂಕ್ ಮೂಲಕ ಪಡೆದಿದ್ದರೆ ಕರಾರಿನ ದಿನದ ದರ ಹಿಡಿಯಬಹುದು. ನಗದಾಗಿ ಪಡೆದರೆ ಈ ರಕ್ಷಣೆ ಹೋಯಿತು.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಹಣ ಕೊಡುವಾಗಲೇ ಶೇ 1 ತೆರಿಗೆ, ಅಂದರೆ ಟಿಡಿಎಸ್, ಹಿಡಿಯಬೇಕು. 2024ರ ಅಕ್ಟೋಬರ್ 1ರಿಂದ ಎಲ್ಲ ಮಾರಾಟಗಾರರ ಪಾಲನ್ನೂ ಕೂಡಿಸಿಯೇ ಈ ಮಿತಿ ನೋಡುತ್ತಾರೆ. ಅಣ್ಣತಮ್ಮಂದಿರಿಬ್ಬರು ತಲಾ 30 ಲಕ್ಷ ಪಡೆದರೂ ಟಿಡಿಎಸ್ ತಪ್ಪದು. ನೋಂದಣಿಗೆ ಮೊದಲೇ ಪ್ರತಿಯೊಬ್ಬರ ಪ್ಯಾನ್ ಸರಿಯಿದೆಯೇ ನೋಡಿಕೊಳ್ಳಿ. ಮಾರುವವರು ಅನಿವಾಸಿಯಾದರೆ ಈ ಶೇ 1 ನಡೆಯದು, ಬೇರೆ ಸೆಕ್ಷನ್‌ನಡಿ ಹೆಚ್ಚಿನ ದರವಿದೆ.

ತೆರಿಗೆ ಉಳಿಸಲು ಸೆಕ್ಷನ್ 54ಎಫ್ ಇದೆ. ಸೈಟು ಮಾರಿದವರು ಎರಡು ವರ್ಷದೊಳಗೆ ಮನೆ ಕೊಳ್ಳಬೇಕು ಅಥವಾ ಮೂರು ವರ್ಷದೊಳಗೆ ಕಟ್ಟಿಸಬೇಕು. ಲಾಭವನ್ನಷ್ಟೇ ಹಾಕಿದರೆ ಪೂರ್ತಿ ವಿನಾಯಿತಿ ಸಿಗದು, ಕೈಗೆ ಬಂದ ಇಡೀ ಹಣ ಹಾಕಬೇಕು. ರಿಟರ್ನ್ ಸಲ್ಲಿಸುವ ಕಡೆಯ ದಿನದೊಳಗೆ ಖರ್ಚಾಗದೆ ಉಳಿದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಿ; ಮಾಮೂಲಿ ಎಫ್‌ಡಿಯಲ್ಲಿಟ್ಟರೆ ಅಧಿಕಾರಿ ಒಪ್ಪುವುದಿಲ್ಲ. ಮನೆ ಬೇಡವೆಂದರೆ ಆರು ತಿಂಗಳೊಳಗೆ 54ಇಸಿ ಬಾಂಡ್ (ಈ ವಿನಾಯಿತಿಗೆಂದೇ ಸರ್ಕಾರ ಸೂಚಿಸಿದ ಸಾಲಪತ್ರ) ಕೊಳ್ಳಬಹುದು, ಗರಿಷ್ಠ 50 ಲಕ್ಷ.

ಈ ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಅದರಲ್ಲಿ ಸಂಖ್ಯೆಗಳು ಬೇರೆ. ಆ ದಿನದ ನಂತರ ಮಾರುವವರು ಆಡಿಟರ್ ಬಳಿ ಹೊಸ ಸಂಖ್ಯೆ, ಹೊಸ ಫಾರಂ ಕೇಳಿಕೊಂಡೇ ಸಹಿ ಹಾಕಿ.