ಕೋರಾ ಬಟ್ಟೆಗೆ ಬಣ್ಣ ಕುಡಿಸಿದ್ದು

"ಇದು ಕಲೆಯೋ, ಬಟ್ಟೆಗೆ ಆದ ಕಲೆಯೋ?" ಬಟ್ಟೆಗೆ ತೆಳು ಬಣ್ಣ ಸುರಿದು, ಕುಡಿಸಿ ನಾನು ಮಾಡುವ ಚಿತ್ರಗಳ ಬಗ್ಗೆ ಮೂರು ವರ್ಷ ಗೆಳೆಯರ ಬಾಯಲ್ಲಿ ಇದೇ ಜೋಕು. ಹೋದ ವಾರ ಅವರಲ್ಲೇ ಒಬ್ಬ ಫೋನ್ ಮಾಡಿ, "ಬಟ್ಟೆ ಎಲ್ಲಿ ತಗೊಂಡೆ ಮಾರಾಯಾ?" ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥೇಲರ್ 1952ರಲ್ಲಿ 'ಮೌಂಟನ್ಸ್ ಅಂಡ್ ಸೀ' ಚಿತ್ರ ಮಾಡಿದ್ದು ಪ್ರೈಮರ್ (ಬಟ್ಟೆ ಬಣ್ಣ ಹೀರದಂತೆ ಮೊದಲೇ ಬಳಿಯುವ ಲೇಪ) ಇಲ್ಲದ ಕ್ಯಾನ್ವಾಸ್ ಮೇಲೆ, ಟರ್ಪೆಂಟೈನ್‌ನಲ್ಲಿ ತೆಳು ಮಾಡಿದ ಆಯಿಲ್ ಬಣ್ಣದಲ್ಲಿ. ನಾನೂ ಮೊದಲು ಹಾಗೇ ಸುರಿದೆ. ಸ್ವಲ್ಪ ದಿನಕ್ಕೆ ಪ್ರತಿ ಬಣ್ಣದ ಸುತ್ತ ಎಣ್ಣೆಯ ಉಂಗುರ, ಬೋಂಡಾ ಕಟ್ಟಿದ ಪೇಪರ್ ಥರ. ಎಣ್ಣೆ ಬಟ್ಟೆಯನ್ನೇ ತಿನ್ನುತ್ತೆ ಅಂತ ಗೊತ್ತಿದ್ದೂ ಮಾಡಿದ್ದು. ಸುಮಾರು 9,000 ರೂಪಾಯಿ ನೀರಿಗೆ.

ಫ್ರಾಂಕೆಂಥೇಲರ್ ಕೂಡ 1960ರ ದಶಕದಲ್ಲಿ ನೀರು ಬೆರೆಸುವ ಅಕ್ರಿಲಿಕ್ ಬಣ್ಣಕ್ಕೆ ಬಂದರು, ಅಲ್ವಾ? ನಾನೂ ಬಂದೆ. ದುಡ್ಡು ಉಳಿಸೋಣ ಅಂತ ಕೋರಾ ಬಟ್ಟೆ ತಂದೆ, ಮೀಟರಿಗೆ ನೂರರ ಆಸುಪಾಸು. ಬಣ್ಣ ಇಳಿಯಲೇ ಇಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಮುತ್ತು ಮುತ್ತಾಗಿ ನಿಂತಿತು. ನೀರು ಜಾಸ್ತಿ ಮಾಡಿದೆ, ಇಳಿಯಿತು. ಒಣಗಿದ ಮೇಲೆ ಬೆರಳಿಟ್ಟರೆ ನೀಲಿ ಸೀಮೆಸುಣ್ಣದ ಪುಡಿಯಂತೆ ಬಂತು. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದೆ. ನೊರೆ ಎದ್ದು, ಗುಳ್ಳೆ ಒಡೆದಲ್ಲೆಲ್ಲ ಸಿಡುಬಿನ ಗುರುತು.

ದಾರಿ ತೋರಿಸಿದ್ದು ಅಮ್ಮ. "ಗಂಜಿ ತೆಗೀದೆ ಬಣ್ಣ ಹಾಕಿದ್ರೆ ಎಲ್ಲಿ ಹಿಡಿಯುತ್ತೋ?" ನೇಯುವ ಮುಂಚೆ ನೂಲಿಗೆ ಹಾಕುವ ಮಗ್ಗದ ಗಂಜಿ! ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿದೆ. ಬಟ್ಟೆ ಗೇಣುದ್ದ ಕುಗ್ಗಿತು. ಹಾಗಾಗಿ ಫ್ರೇಮಿಗೆ ಹೊಡೆಯುವುದು ಕೊನೆಗೇ. ಮೊದಲು ಹೊಡೆದು ಒದ್ದೆ ಮಾಡಿ, ಫ್ರೇಮ್ ಹಪ್ಪಳದಂತೆ ಸೊಟ್ಟಗಾಗಿ, ಬಡಗಿಗೆ ಎರಡು ಸಲ ದುಡ್ಡು ಕೊಟ್ಟಿದ್ದೇನೆ.

ಈಗ ಅರೆ ಒದ್ದೆ ಬಟ್ಟೆ ಮೇಲೆ ಒಂದು ಲೋಟ ಸುರಿದರೆ ಅಂಚು ಮೆಲ್ಲಗೆ ತೆವಳುತ್ತದೆ. ದಪ್ಪ ನೂಲು ಸಿಕ್ಕಲ್ಲಿ ತಡೆದು, ಪಕ್ಕದ ಎಳೆ ಹಿಡಿದು ಮುಂದೆ ಹೋಗುತ್ತದೆ. ಫ್ಯಾನ್ ಹಾಕಬೇಡಿ, ಅಂಚು ಕಪ್ಪಾಗುತ್ತೆ. ಬರೀ ನೀರಲ್ಲ, ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು, ಅಂದರೆ ಮೀಡಿಯಂ ಕೂಡ ಸೇರಿಸಬೇಕು. ಎಷ್ಟು ಅಂತ ಹೇಳಲ್ಲ. ಬಟ್ಟೆ ಕೆಳಗೆ ಏನು ಹಾಸುತ್ತೇನೆ ಅನ್ನೋದೂ ನನ್ನಲ್ಲೇ ಇರಲಿ. ನ್ಯೂಸ್‌ಪೇಪರ್ ಅಂತೂ ಅಲ್ಲ. ಒಮ್ಮೆ ಚುನಾವಣೆ ಸುದ್ದಿಯೆಲ್ಲ ಹಿಂಬದಿಗೆ ಅಚ್ಚಾಗಿತ್ತು.

ನಡುವೆ ಬಣ್ಣ ತೊಟ್ಟಿಕ್ಕಿಸಿ ಚಿತ್ರ ಮಾಡುತ್ತಿದ್ದ ಅಮೆರಿಕದ ಜಾಕ್ಸನ್ ಪೊಲಾಕ್ ಥರ ಗೇಟಿಗೆ ಬಳಿಯುವ ಎನಾಮಲ್ ತಂದು ಕೋಲಿನಿಂದ ಎಳೆ ಬಿಟ್ಟು ನೋಡಿದೆ. ಚಿಕ್ಕಂದಿನಿಂದ ರಂಗೋಲಿ ಹಾಕಿದ ಕೈ, ಎಲ್ಲ ಎಳೆಯೂ ತಿರುಗಿ ತಿರುಗಿ ಕೂಡಿಕೊಂಡಿತು. "ಚುಕ್ಕಿ ಎಲ್ಲಿ?" ಅಂದಳು ಅಮ್ಮ.

ಈ ಜನವರಿ ಚಿತ್ರಸಂತೆಯಲ್ಲಿ ನನ್ನ ಎರಡು ಚಿತ್ರ ಮಾರಾಟವಾದವು, ಎರಡೂ ಸೇರಿ 22 ಸಾವಿರ. ಖರ್ಚು ಸುಮಾರು 35 ಸಾವಿರ. ತಾರಸಿ ಮೇಲೆ ಇನ್ನೊಂದು 12 ಮೀಟರ್ ಒಣಗುತ್ತಿದೆ. ಮೋಡ ಬೇರೆ ಆಗಿದೆ.